ಒಂದು ರಜೆ, ಮೂರು ಊರು, ಬಾಡಿಗೆ ಕಾರಿಲ್ಲ

ರಾಜ್ಯೋತ್ಸವದ ಒಂದೇ ರಜೆಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಕಾರಿಲ್ಲದೆ ನೋಡಿ ಬರುತ್ತೇನೆ ಎಂದಾಗ ನಮ್ಮ ಭಾವ ನಕ್ಕಿದ್ದರು. ನಗುವುದಕ್ಕೆ ಕಾರಣವೂ ಇತ್ತು. ಎರಡು ಸಲ ಸೋತು ಬಂದಿದ್ದೆ. ಮೊದಲ ವರ್ಷ ಬಾದಾಮಿಯ ಗುಹೆಗಳಿಂದಲೇ ಶುರು ಮಾಡಿದೆ. ಹತ್ತು ಗಂಟೆಯ ಹೊತ್ತಿಗೆ ಮೂರನೆಯ ಗುಹೆಯಲ್ಲಿ ಕಾಲಿಡಲು ಜಾಗವಿಲ್ಲ, ಐಹೊಳೆ ಮುಟ್ಟುವಾಗ ಕತ್ತಲು, ಮರಳಲು ಬಸ್ಸಿಲ್ಲ. ಟಂಟಂ ಆಟೋದವನಿಗೆ ಏಳೆಂಟು ನೂರು ತೆತ್ತೆ. ಮರುವರ್ಷ ಮಂಗವೊಂದು ರೊಟ್ಟಿಯ ಗಂಟನ್ನೇ ಎತ್ತಿಕೊಂಡು ಹೋಯಿತು. ಭದ್ರವಾಗಿರಲಿ ಎಂದು ಅದರಲ್ಲೇ ಸಿಕ್ಕಿಸಿದ್ದ ಐನೂರರ ನೋಟೂ ಬಂಡೆ ಏರಿತು.

ಈ ಸಲ ದಾರಿಯನ್ನೇ ತಿರುವು ಮುರುವು ಮಾಡಿದೆ. ಹಿಂದಿನ ರಾತ್ರಿ ಬಾದಾಮಿಯಲ್ಲಿ ತಂಗಿ, ನಸುಕಿಗೇ ಐಹೊಳೆಗೆ ಹೊರಟೆ. ಯಾವ ಬಸ್ಸು, ಎಲ್ಲಿ ಇಳಿದು ಹತ್ತಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಲಿಯಲು ಎರಡು ವರ್ಷ ಹಿಡಿದಿದೆ. ದುರ್ಗ ಗುಡಿಯನ್ನು ಆಮೇಲಿಗೆ ಇಟ್ಟುಕೊಂಡು, ತಂಪಿರುವಾಗಲೇ ಮೇಗುತಿ ಗುಡ್ಡ ಹತ್ತಿದೆ. ಇಮ್ಮಡಿ ಪುಲಿಕೇಶಿಯನ್ನು ಹೊಗಳುವ ಅಲ್ಲಿನ 634ರ ಶಾಸನದಲ್ಲಿ ಕವಿ ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಷ್ಟೇ ಎಂದು ಕೊರೆಸಿಕೊಂಡಿದ್ದಾನೆ. ಅದರ ಮುಂದೆ ನನ್ನ ಜಂಬ ಯಾವ ಲೆಕ್ಕ?

ಪಟ್ಟದಕಲ್ಲಿಗೆ ಹದಿಮೂರು ಕಿಲೋಮೀಟರ್ ಇರಬಹುದು. ಅಲ್ಲೊಂದು ಆಟ ಹೂಡಿದೆ. ವಿರೂಪಾಕ್ಷ ಗುಡಿಯ ಪೂರ್ವದ ಮುಖಮಂಟಪದ ಚಾವಣಿಯಲ್ಲಿರುವ ಸೂರ್ಯನಿಗೆ ಬುತ್ತಿ ಡಬ್ಬಿಯ ಸ್ಟೀಲ್ ಮುಚ್ಚಳದಿಂದ ಬಿಸಿಲು ಹಾಯಿಸಿದೆ. ಇಡೀ ರಥ ಕಣ್ಣೆದುರು ಇಳಿದು ಬಂದಂತಾಯಿತು. ಕಾವಲುಗಾರರೂ ಬಂದು ಕತ್ತೆತ್ತಿ ನೋಡಿದರು. ಸಂಜೆ ಬಾದಾಮಿಯ ಗುಹೆಗಳಲ್ಲಿ ಇದೇ ಮುಚ್ಚಳ ಕೈಕೊಟ್ಟಿತು. ಹಿಡಿಯಲು ಅಲ್ಲಿ ಬಿಸಿಲೇ ಇರಲಿಲ್ಲ.

ಖರ್ಚು? ವಸತಿ ಬಿಟ್ಟು ಬಸ್ಸು, ಟಂಟಂ, ಟಿಕೆಟ್, ಖಾನಾವಳಿಯ ರೊಟ್ಟಿ-ಎಣ್ಣೆಗಾಯಿ ಎಲ್ಲ ಸೇರಿ ಆರುನೂರರ ಆಸುಪಾಸು. ಮಂಗನ ಪಾಲು ಈ ಸಲ ಸೊನ್ನೆ. ಗಂಟನ್ನು ಎಲ್ಲಿಟ್ಟಿದ್ದೆ ಎಂಬುದೂ ಗುಟ್ಟೇ.

ಐದು ಗಂಟೆಗೆ ಅಗಸ್ತ್ಯತೀರ್ಥದ ದಡದಲ್ಲಿದ್ದೆ. ಭೂತನಾಥನ ಗುಡಿಗೆ ಇಳಿಬಿಸಿಲು ಬಿದ್ದಿತ್ತು. ಕಪ್ಪೆ ಅರಭಟ್ಟನ ಶಾಸನವಿರುವ ಬಂಡೆಯ ಬಳಿ ನಿಂತು ಭಾವನಿಗೆ ಫೋನ್ ಮಾಡಿ, "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂದು ಗಟ್ಟಿಯಾಗಿ ಓದಿದೆ.

"ಅದಿರಲಿ, ಕಾರಿನವನು ಎಷ್ಟು ತೆಗೆದುಕೊಂಡ?" ಎಂದರು.