ಅರಾಮಿಕ್‌ನಲ್ಲಿ ‘ದೇವರು’: ನಾಲ್ಕು ಅಕ್ಷರದ ಪದವನ್ನು ಓದುವುದು, ಬರೆಯುವುದು ಹೇಗೆ?

ಅರಾಮಿಕ್ ಅಂದ ಕೂಡಲೇ ‘ಯೇಸು ಆಡಿದ ಭಾಷೆ’ ಅನ್ನುತ್ತೇವೆ. ಜೊತೆಗೆ ಅದು ಯಾವತ್ತೋ ಸತ್ತುಹೋಯಿತು ಅಂತಲೂ ಅಂದುಕೊಳ್ಳುತ್ತೇವೆ. ಅದು ತಪ್ಪು. ಸಿರಿಯಾದ ಮಾಲೂಲಾದಲ್ಲಿ, ಉತ್ತರ ಇರಾಕಿನ ಹಳ್ಳಿಗಳಲ್ಲಿ, ಅಲ್ಲಿಂದ ಸ್ವೀಡನ್, ಅಮೆರಿಕಕ್ಕೆ ಹೋಗಿ ನೆಲೆಸಿದವರ ಮನೆಗಳಲ್ಲಿ ಇವತ್ತಿಗೂ ಅರಾಮಿಕ್ ಆಡುತ್ತಾರೆ. ಈ ಭಾಷೆಯ ಒಂದೇ ಪದ ಕಲಿಯಲು ಸಮಯ ಇದೆ ಅಂದರೆ ‘ದೇವರು’ ಎಂಬ ಪದವನ್ನೇ ಕಲಿಯಿರಿ. ಭಾಷೆ ನಡೆದು ಬಂದ ದಾರಿಯೆಲ್ಲ ಅದರಲ್ಲಿ ಸಿಗುತ್ತದೆ.

1. ಮೊದಲು ಬಾಯಲ್ಲಿ ಹೇಳಿ

ಸಿರಿಯಾಕ್ ಎಂಬುದು ಅರಾಮಿಕ್‌ನ ಒಂದು ಬಗೆ, ಚರ್ಚುಗಳು ಉಳಿಸಿಕೊಂಡು ಬಂದ ಬರವಣಿಗೆಯ ಭಾಷೆ. ಅದರ ಪೂರ್ವದ ಉಚ್ಚಾರಣೆಯಲ್ಲಿ ದೇವರು ‘ಅಲಾಹಾ’, ಪಶ್ಚಿಮದಲ್ಲಿ ‘ಅಲೋಹೋ’. ಪೂರ್ವದವರ ‘ಆ’ ಪಶ್ಚಿಮದವರ ಬಾಯಲ್ಲಿ ‘ಓ’ ಆಗುತ್ತದೆ, ಅಷ್ಟೇ. ಮಾಲೂಲಾದ ಆಡುಮಾತಿನಲ್ಲಂತೂ ಪದ ಸವೆದು ‘ಅಲೋ’ ಆಗಿದೆ.

2. ಬಾಲವನ್ನು ಬಿಡಿಸಿ ನೋಡಿ

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಅರಾಮಿಕ್‌ನಲ್ಲಿ ‘ಎಲಾಹ್’ ಅಂದರೆ ಒಬ್ಬ ದೇವರು. ಕೊನೆಗೆ ‘ಆ’ ಸೇರಿಸಿ ‘ಎಲಾಹಾ’ ಅಂದರೆ ‘ಆ ದೇವರು’, ಅಂದರೆ ಗೊತ್ತಿರುವ, ನಿರ್ದಿಷ್ಟ ದೇವರು. ಸಿರಿಯಾಕ್ ಹೊತ್ತಿಗೆ ಈ ಬಾಲದ ಅರ್ಥ ಮಾಸಿತು, ಬಾಲ ಮಾತ್ರ ಅಂಟಿಕೊಂಡೇ ಉಳಿಯಿತು. ‘ನನ್ನ ದೇವರೇ’ ಅನ್ನಬೇಕಾದರೆ ಬಾಲ ತೆಗೆದು ‘ಈ’ ಹಚ್ಚಬೇಕು: ‘ಎಲಾಹೀ’. ಮಾರ್ಕನ ಸುವಾರ್ತೆ 15:34ರಲ್ಲಿ ಶಿಲುಬೆಯ ಮೇಲಿಂದ ಯೇಸು ಕೂಗುವ ಮೊದಲ ಎರಡು ಪದ ಇದೇ. ಗ್ರೀಕ್ ಬರಹದ ಮೂಲಕ ಬಂದಿದ್ದರಿಂದ ಉಚ್ಚಾರಣೆ ಸ್ವಲ್ಪ ಬದಲಾಗಿದೆ.

ಇನ್ನೂ ಹಿಂದೆ ಹೋಗಬಹುದು. ಈಜಿಪ್ಟಿನ ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿ ಪರ್ಷಿಯನ್ ದೊರೆಗಳ ಕೈಕೆಳಗೆ ಯಹೂದಿ ಸೈನಿಕರಿದ್ದರು. ತಮ್ಮ ಗುಡಿಯನ್ನು ಕೆಡವಿದರು, ಮತ್ತೆ ಕಟ್ಟಿಸಿಕೊಡಿ ಎಂದು ಅವರು ಕ್ರಿ.ಪೂ. 407ರಲ್ಲಿ ಬರೆದ ಮನವಿಯಲ್ಲೂ ‘ಎಲಾಹ್ ಶೆಮಯ್ಯಾ’ ಇದ್ದಾನೆ, ಸ್ವರ್ಗದ ದೇವರು.

ಅರಬ್ಬಿಯ ‘ಅಲ್ಲಾಹ್’ ಇದಕ್ಕೆ ನೆಂಟ, ಹೀಬ್ರೂವಿನ ‘ಎಲೋಹೀಮ್’ ಕೂಡ. ನಿರ್ದಿಷ್ಟ ಎಂದು ತೋರಿಸುವ ಗುರುತನ್ನು ಅರಬ್ಬಿ ಪದದ ಶುರುವಿಗೆ ಇಡುತ್ತದೆ (ಅಲ್), ಅರಾಮಿಕ್ ಕೊನೆಗೆ ಇಡುತ್ತದೆ (ಆ). ಒಂದು ಇನ್ನೊಂದರ ಕೆಟ್ಟ ರೂಪ ಅಂತ ಸುಮ್ನೆ ವಾದ ಮಾಡುವವರಿಗೆ ಇಷ್ಟು ಹೇಳಿದರೆ ಸಾಕು.

3. ಈಗ ಬರೆಯಿರಿ

ಸಿರಿಯಾಕ್ ಬರೆಯುವುದು ಬಲದಿಂದ ಎಡಕ್ಕೆ. ಮೂರು ಬಗೆಯ ಲಿಪಿ ಇದೆ. ಶುರುವಿಗೆ ಪಶ್ಚಿಮದ ಸೆರ್ಟೋ ಸುಲಭ, ಯಾಕೆಂದರೆ ಅದರಲ್ಲಿ ನಮ್ಮ ಪದದ ಮೊದಲ ಅಕ್ಷರ ಆಲಫ್ ಬರೀ ಒಂದು ನೆಟ್ಟಗಿನ ಗೆರೆ.

ಕಾಗದದ ಬಲತುದಿಯಲ್ಲಿ ಆ ಗೆರೆ ಎಳೆಯಿರಿ. ಕೈ ಎತ್ತಿ, ಆಲಫ್ ಮುಂದಿನ ಅಕ್ಷರವನ್ನು ಮುಟ್ಟುವುದಿಲ್ಲ. ಆಮೇಲೆ ‘ಲ’ ಸದ್ದಿನ ಅಕ್ಷರ ಲಾಮದ್, ಓರೆಯಾಗಿ ಮೇಲಕ್ಕೆ ಚಾಚಿದ ಉದ್ದ ಗೆರೆ. ಅದರ ಬುಡದಿಂದ ಕೈ ಎತ್ತದೆ ಎಡಕ್ಕೆ ಸಾಗಿ ‘ಹ’ ಸದ್ದಿನ ‘ಹೇ’ ಅಕ್ಷರ ಬರೆಯಿರಿ. ‘ಹೇ’ ಕೂಡ ತನ್ನ ಎಡಕ್ಕೆ ಸೇರುವುದಿಲ್ಲ. ಹಾಗಾಗಿ ಮತ್ತೆ ಕೈ ಎತ್ತಿ ಕೊನೆಯ ಆಲಫ್ ಬಿಡಿಯಾಗಿ ಹಾಕಿ. ನಾಲ್ಕು ಅಕ್ಷರ, ಕಣ್ಣಿಗೆ ಕಾಣುವುದು ಮೂರು ತುಂಡು. ಲಾಮದ್ ನೆಟ್ಟಗಾದರೆ ಆಲಫ್ ಥರ ಕಂಡುಬಿಡುತ್ತದೆ, ಆ ಓರೆಯನ್ನು ಬಿಡಬೇಡಿ.

ಕೊನೆಯ ಆಲಫ್‌ಗೆ ಸ್ವಂತ ಸದ್ದಿಲ್ಲ. ‘ಹೇ’ಯ ಸ್ವರ ದೀರ್ಘ ಎಂದು ತೋರಿಸಲು ನಿಂತಿದೆ. ಸ್ವರಚಿಹ್ನೆಗಳನ್ನು ಹಾಕದೆಯೂ ಬರೆಯುತ್ತಾರೆ. ಹಾಕುವುದಾದರೆ ಪೂರ್ವದವರು ಚುಕ್ಕಿ ಇಡುತ್ತಾರೆ, ಪಶ್ಚಿಮದವರು ಗ್ರೀಕ್ ಅಕ್ಷರಗಳಿಂದ ಹುಟ್ಟಿದ ಪುಟ್ಟ ಗುರುತು.

4. ‘ದೇವರುಗಳು’ ಆದರೆ

ಅಕ್ಷರ ಬದಲಾಗದು. ಪದದ ಮೇಲೆ ಅಡ್ಡಕ್ಕೆ ಎರಡು ಚುಕ್ಕಿ ಇಟ್ಟರೆ ‘ಅಲಾಹೇ’ ಎಂದು ಓದಬೇಕು. ಈ ಜೋಡಿಚುಕ್ಕಿಗೆ ಸ್ಯಾಮೇ ಅನ್ನುತ್ತಾರೆ. ಚುಕ್ಕಿ ಮರೆತರೆ ಬಹುವಚನ ಏಕವಚನವಾಗುತ್ತದೆ.

5. ಮಾತಲ್ಲಿ ಬಳಸಿ

ಅರಾಮಿಕ್ ಆಡುವ ಕ್ರೈಸ್ತರಾದ ಇರಾಕಿನ ಅಸ್ಸೀರಿಯನ್ನರು ತೀರಿಹೋದ ಗಂಡಸಿನ ಹೆಸರೆತ್ತಿದಾಗ ‘ಅಲಾಹಾ ಮನೀಖ್ಲೆ’ ಅನ್ನುತ್ತಾರೆ, ದೇವರು ಅವನಿಗೆ ನೆಮ್ಮದಿ ಕೊಡಲಿ ಎಂದು. ಹೆಂಗಸಾದರೆ ‘ಮನೀಖ್ಲಾ’. ನನಗೆ ಈ ಭಾಷೆಯಲ್ಲಿ ತುಂಬ ಇಷ್ಟವಾದ ಮಾತು ಇದು.

ಎಲ್ಲ ಅರಾಮಿಕ್ ಮಾತುಗಾರರ ಮುಂದೆಯೂ ಇದೇ ಪದ ಹಿಡಿದು ಹೋಗಬೇಡಿ. ಇರಾಕ್, ಇರಾನಿನ ಮಂಡಾಯಿ ಎಂಬ ಪುಟ್ಟ ಧರ್ಮದವರು ತಮ್ಮ ಪರಮದೈವವನ್ನು ‘ಹಯ್ಯಿ ರಬ್ಬಿ’, ಅಂದರೆ ಮಹಾಜೀವ, ಎಂದು ಕರೆಯುತ್ತಾರೆ.

ಕಿವಿಯಾರೆ ಕೇಳಬೇಕೆಂದರೆ ದೂರ ಹೋಗಬೇಕಿಲ್ಲ. ಕೇರಳದ ಸಿರಿಯನ್ ಕ್ರೈಸ್ತರ ಪೂಜೆ ಸಿರಿಯಾಕ್‌ನಲ್ಲೇ ನಡೆಯುತ್ತಿತ್ತು. ಅವರ ಪಂಗಡಗಳಲ್ಲೊಂದಾದ ಸಿರೋ ಮಲಬಾರ್ ಸಭೆ 1962ರಲ್ಲಿ ಮಲಯಾಳಕ್ಕೆ ಹೊರಳಿತು. ಆ ಸಭೆಯ ಧರ್ಮಪ್ರಾಂತ್ಯಗಳು ನಮ್ಮ ಬೆಳ್ತಂಗಡಿ, ಭದ್ರಾವತಿ, ಮಂಡ್ಯದಲ್ಲೂ ಇವೆ. ಸಿರಿಯಾಕ್‌ನಲ್ಲಿ ಹಾಡುವ ಪೂಜೆ ಸಿಕ್ಕರೆ ‘ಕದ್ದೀಶಾ ಅಲಾಹಾ’ ಬರುವ ಸಾಲಿಗೆ ಕಾದಿರಿ, ಪವಿತ್ರ ದೇವರು ಅಂತ. ಪಶ್ಚಿಮ ಸಿರಿಯಾಕ್ ಪದ್ಧತಿಯ ಚರ್ಚಾದರೆ ‘ಕದೀಶತ್ ಅಲೋಹೋ’. ಬರೆಯಲು ಕೈಕುದುರಿದ ಮೇಲೆ ಪೂರ್ತಿ ಭಾಷೆಯೇ ಬೇಕು ಅನ್ನಿಸಿದರೆ ಕೊಟ್ಟಾಯಂನಲ್ಲಿ ಸಂತ ಎಫ್ರೇಮ್ ಸಂಶೋಧನಾ ಸಂಸ್ಥೆ ಇದೆ. 1985ರಿಂದ ಅಲ್ಲಿ ಸಿರಿಯಾಕ್ ಅಧ್ಯಯನ ನಡೆಯುತ್ತಿದೆ.