ಬೈಲಿನ ಮನೆಯಲ್ಲಿ ರೇಂಜ್ ಇಲ್ಲ, ಸಂಜೆಗೆ ಚಾರ್ಜೂ ಇಲ್ಲ: ಫೋನಿನ ಬ್ಯಾಂಡ್ ಹೊಂದಿಸುವ ಕ್ರಮ

ನಮ್ಮ ಕರಾವಳಿಯಲ್ಲಿ ಟವರ್ ಗುಡ್ಡೆಯ ಮೇಲೆ, ಮನೆ ಬೈಲಿನಲ್ಲಿ. ನಡುವೆ ಅಡಿಕೆ ತೋಟ, ತೆಂಗು, ಕೊನೆಗೆ ಕೆಂಪುಕಲ್ಲಿನ ದಪ್ಪ ಗೋಡೆ. ಮಂಗಳೂರು, ಮಣಿಪಾಲದ ಫ್ಲ್ಯಾಟುಗಳಲ್ಲಾದರೆ ಕಾಂಕ್ರೀಟು, ತಾರಸಿಯ ಮೇಲೆ ಮಳೆಗೆಂದು ಹೊದಿಸಿದ ತಗಡಿನ ಶೀಟು. ಇಂಥ ಕಡೆ ಬೆಳಿಗ್ಗೆ ತುಂಬಿಸಿದ ಚಾರ್ಜು ಮಧ್ಯಾಹ್ನಕ್ಕೇ ಅರ್ಧಕ್ಕಿಳಿದರೆ ಮೊದಲು ಬ್ಯಾಟರಿಯನ್ನು ಬಯ್ಯಬೇಡಿ, ಸಿಗ್ನಲ್ ನೋಡಿ.

ಟವರಿನ ರೇಡಿಯೊಗೆ ಹತ್ತಾರು ವಾಟ್ ಶಕ್ತಿ ಉಂಟು. ನಿಮ್ಮ ಫೋನಿಗೆ 4ಜಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 23 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ), ಅಂದರೆ 200 ಮಿಲಿವಾಟ್. ಟವರ್ ಹೇಳಿದ್ದು ಫೋನಿಗೆ ಸುಲಭವಾಗಿ ಕೇಳುತ್ತದೆ. ಫೋನ್ ಹೇಳಿದ್ದು ಟವರಿಗೆ ಕೇಳಬೇಕಾದರೆ ಅದು ಗಂಟಲು ಹರಿದುಕೊಳ್ಳಬೇಕು. ಟವರ್ ಹತ್ತಿರವಿದ್ದರೆ ಒಂದು ಮಿಲಿವಾಟಿನಲ್ಲೇ ಕೆಲಸ ಮುಗಿಯುತ್ತದೆ. ದಾರಿಯಲ್ಲಿ ಪ್ರತಿ 3 ಡೆಸಿಬೆಲ್ ನಷ್ಟಕ್ಕೆ ಫೋನು ಹೆಚ್ಚುಕಡಿಮೆ ದುಪ್ಪಟ್ಟು ಶಕ್ತಿ ಹಾಕಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು. ಕಡ್ಡಿ ಮೂರು ಕಾಣುತ್ತಿದ್ದರೂ ಫೋಟೊ ಹೋಗದೆ ಸುತ್ತುತ್ತಾ ಕೂರುವುದು, ಫೋನಿನ ಬೆನ್ನು ಬಿಸಿಯಾಗುವುದು ಎಷ್ಟೋ ಸಲ ಇದರಿಂದಲೇ.

ಕಡ್ಡಿ ಬಿಡಿ, ಡಿಬಿಎಂ ನೋಡಿ

ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಎಂಬುದು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಲೆಕ್ಕ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಹೋದರೆ ‘-98 ಡಿಬಿಎಂ 42 ಎಎಸ್‌ಯು’ ಎಂಬಂಥ ಸಾಲು ಸಿಗುತ್ತದೆ. 4ಜಿಯಲ್ಲಿ ಎಎಸ್‌ಯು ಸಂಖ್ಯೆಯಿಂದ 140 ಕಳೆದರೆ ಡಿಬಿಎಂ, ಬೇರೇನಲ್ಲ. ಸ್ಯಾಮ್ಸಂಗ್‌ನಲ್ಲಿ *#0011# ಡಯಲ್ ಮಾಡಿದರೆ ಬ್ಯಾಂಡ್ (ಫೋನು ಯಾವ ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತಿದೆ ಎಂಬುದು) ಸಹಿತ ಎಲ್ಲವೂ ಬರುತ್ತದೆ. ಐಫೋನ್‌ಗೆ *3001#12345#* ಒತ್ತಿ ಕಾಲ್ ಬಟನ್. ಉಳಿದವರು ನೆಟ್‌ಮಾನ್‌ಸ್ಟರ್ ಆಪ್ ಹಾಕಿಕೊಳ್ಳಿ. ಲೊಕೇಶನ್ ಅನುಮತಿ ಕೊಡದಿದ್ದರೆ ಅದು ಟವರಿನ ವಿವರ ತೋರಿಸುವುದಿಲ್ಲ.

ನೋಡಬೇಕಾದ್ದು ಎರಡು ಅಂಕಿ. ಮೊದಲನೆಯದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ಸಿಗ್ನಲ್ ಫೋನಿಗೆ ಎಷ್ಟು ಬಲವಾಗಿ ಮುಟ್ಟಿದೆ ಎಂಬುದು, ಲೆಕ್ಕ ಡಿಬಿಎಂನಲ್ಲಿ. ಆರ್‌ಎಸ್‌ಆರ್‌ಪಿ -90ಕ್ಕಿಂತ ಮೇಲಿದ್ದರೆ ಒಳ್ಳೆಯದು, -100ರ ಆಸುಪಾಸಿನಲ್ಲಿ ಸಾಧಾರಣ, -110 ದಾಟಿದರೆ ಬ್ಯಾಟರಿಗೆ ಖರ್ಚು, -120ರ ಹತ್ತಿರ ಕಾಲ್ ಕಟ್. ಇನ್ನೊಂದು ಎಸ್‌ಐಎನ್‌ಆರ್, ಅಂದರೆ ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಎಂಬುದು. 13ಕ್ಕಿಂತ ಮೇಲೆ ಚೆಂದ, ಸೊನ್ನೆಗಿಂತ ಕೆಳಗೆ ಹೋದರೆ ಆರ್‌ಎಸ್‌ಆರ್‌ಪಿ ಎಷ್ಟೇ ಇದ್ದರೂ ಪ್ರಯೋಜನವಿಲ್ಲ. ಎರಡು ಮೂರು ಟವರ್‌ಗಳು ಒಂದೇ ಜಾಗದ ಮೇಲೆ ಬೀಳುವ ಪೇಟೆಯಲ್ಲಿ ಹೀಗಾಗುತ್ತದೆ.

ಅಳೆಯುವಾಗ ಏರ್‌ಪ್ಲೇನ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಆಮೇಲೆ ಚಾವಡಿ, ಮಲಗುವ ಕೋಣೆ, ಕಿಟಕಿ ಬದಿ, ಅಂಗಳ ಹೀಗೆ ನಾಲ್ಕು ಕಡೆ ಬರೆದುಕೊಳ್ಳಿ. ಒಂದೊಂದು ಕಡೆ ಮೂರು ಸಲ, ಫೋನನ್ನು ಒಂದು ಗೇಣು ಸರಿಸಿ. 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್ ಮಾತ್ರ. ಗೋಡೆಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸುವ ಜಾಗದಲ್ಲಿ ಫೋನಿಟ್ಟರೆ ಅಲ್ಲಿಗೂ ಪಕ್ಕದ ಮೇಜಿಗೂ 10 ಡೆಸಿಬೆಲ್ ವ್ಯತ್ಯಾಸ ಬರುವುದುಂಟು. ಕಿಟಕಿಯ ಕಬ್ಬಿಣದ ಸರಳಿಗೆ ಒರಗಿಸಿ ಇಡಬೇಡಿ, ಒಂದಡಿ ಈಚೆಗಿರಲಿ.

ಯಾವ ಬ್ಯಾಂಡ್ ಯಾವುದಕ್ಕೆ

ಜಿಯೋ 4ಜಿಗೆ ಬಿ5 (850 ಮೆಗಾಹರ್ಟ್ಸ್), ಬಿ3 (1800), ಬಿ40 (2300). ಏರ್‌ಟೆಲ್‌ಗೆ ಬಿ8 (900), ಬಿ3, ಬಿ1 (2100), ಬಿ40; ಇವೆಲ್ಲ ಎಲ್ಲ ಟವರಿನಲ್ಲೂ ಇರಬೇಕೆಂದಿಲ್ಲ. ಬಿಎಸ್ಸೆನ್ನೆಲ್ 4ಜಿ ಬಿ28 (700) ಮತ್ತು ಬಿ1ರಲ್ಲಿ. ಎಷ್ಟೋ ಹಳೆಯ ಫೋನುಗಳಲ್ಲಿ ಬಿ28 ಇಲ್ಲ. ಟವರ್ ಎದುರಿಗೇ ಇದ್ದು ಬಿಎಸ್ಸೆನ್ನೆಲ್ 4ಜಿ ಬಾರದಿದ್ದರೆ ಮೊದಲು ಫೋನಿನ ಬ್ಯಾಂಡ್ ಪಟ್ಟಿ ನೋಡಿ, ಆಮೇಲೆ ಸಿಮ್ 4ಜಿಯದ್ದೋ ಎಂದು ನೋಡಿ.

ಆಪ್ ಬ್ಯಾಂಡ್ ಹೆಸರು ತೋರಿಸದೆ ಬರೀ ಇಎಆರ್‌ಎಫ್‌ಸಿಎನ್ ಅಂಕಿ (ಚಾನೆಲ್ ಸಂಖ್ಯೆ) ಕೊಟ್ಟರೆ ಹೀಗೆ ಓದಿ: 0–599 ಬಿ1, 1200–1949 ಬಿ3, 2400–2649 ಬಿ5, 3450–3799 ಬಿ8, 9210–9659 ಬಿ28, 38650–39649 ಬಿ40.

ಕಡಿಮೆ ಮೆಗಾಹರ್ಟ್ಸ್‌ನ ಅಲೆ ಗೋಡೆ ದಾಟುತ್ತದೆ, ದೂರ ಹೋಗುತ್ತದೆ, ಮಳೆಗೆ ನೆನೆದ ತೋಟದೊಳಗೂ ತೂರುತ್ತದೆ. ಆದರೆ ಅಲ್ಲಿ ರಸ್ತೆ ಕಿರಿದು. 5 ಮೆಗಾಹರ್ಟ್ಸ್ ಅಗಲದ 4ಜಿಯಲ್ಲಿ ಸಾಮಾನ್ಯ ಎರಡು ಆಂಟೆನಾದ ಫೋನಿಗೆ ಗರಿಷ್ಠ ವೇಗ ಸುಮಾರು 37 ಎಂಬಿಪಿಎಸ್, ಅದನ್ನೂ ಊರಿಗೆಲ್ಲ ಹಂಚಬೇಕು. ಸಂಜೆ ಎಂಟಕ್ಕೆ ಬಿ5 ತೆವಳುವುದು ಇದಕ್ಕೇ. 20 ಮೆಗಾಹರ್ಟ್ಸ್ ಅಗಲ ಸಿಕ್ಕರೆ 150. ಹಾಗಾಗಿ ವೇಗ ಬೇಕಾದವರಿಗೆ ಬಿ3 ಅಥವಾ ಬಿ40, ಕಾಲ್ ಕಟ್ಟಾಗದೆ ಚಾರ್ಜು ಉಳಿಯಬೇಕಾದವರಿಗೆ ಬಿ5, ಬಿ8. ಎರಡನ್ನೂ ಒಂದೇ ಕೋಣೆಯಲ್ಲಿ ಕೇಳಿದರೆ ಸಿಗುವುದು ಕಷ್ಟ ಮಾರಾಯ್ರೆ.

ಬ್ಯಾಂಡ್ ಮುಟ್ಟುವ ಮೊದಲು

ಅರ್ಧಕ್ಕರ್ಧ ಜನರಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ರೀಚಾರ್ಜ್ ಮಾಡದೆ ಬಿಟ್ಟ ಅಥವಾ ಮನೆಯಲ್ಲಿ ರೇಂಜೇ ಇಲ್ಲದ ಎರಡನೇ ಸಿಮ್ ಇದ್ದರೆ ಸಿಮ್ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಸಿಗ್ನಲ್ ಸಿಗದ ಸಿಮ್ ಸುಮ್ಮನೆ ಕೂರುವುದಿಲ್ಲ, ಒಂದರ ನಂತರ ಒಂದು ಬ್ಯಾಂಡ್ ಹುಡುಕುತ್ತಲೇ ಇರುತ್ತದೆ.

ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಕಾಲ್ ಮನೆಯ ಫೈಬರ್ ಮೂಲಕವೇ ಹೋಗುತ್ತದೆ, ಫೋನು ಗುಡ್ಡೆಯ ಟವರಿಗೆ ಕೂಗಬೇಕಿಲ್ಲ. ಒಂದೇ ತೊಂದರೆ: ಮೆಸ್ಕಾಂ ಕರೆಂಟು ಹೋದಾಗ ರೂಟರ್ ಸಾಯುತ್ತದೆ. 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಇಟ್ಟುಕೊಂಡರೆ ಮಳೆಗಾಲ ಕಳೆಯುತ್ತದೆ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ವಯರ್ ಎಳೆಯಬೇಕು, ಕೊಳ್ಳುವಾಗ ಎರಡರ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಹೋಗಿ.

5ಜಿ ಅಂಚಿನಲ್ಲಿರುವ ಮನೆಯಾದರೆ ಅದನ್ನು ಆಫ್ ಮಾಡಿ ನೋಡಿ. ಏರ್‌ಟೆಲ್ 5ಜಿ ಶುರುವಾದದ್ದು ಎನ್‌ಎಸ್‌ಎ ರೀತಿಯಲ್ಲಿ: ಫೋನು 4ಜಿ ಟವರನ್ನೂ ಹಿಡಿದುಕೊಂಡು 5ಜಿಯನ್ನೂ ಹಿಡಿಯಬೇಕು, ಎರಡು ರೇಡಿಯೊ ಓಡಬೇಕು. ಜಿಯೋದ್ದು ಎಸ್‌ಎ, 4ಜಿಯ ಹಂಗಿಲ್ಲ. ಅದರ ಎನ್28 (700) ಗೋಡೆಯೊಳಗೂ ಬರುತ್ತದೆ, ಎನ್78 (3500) ಕೆಂಪುಕಲ್ಲಿಗೆ ಸೋಲುತ್ತದೆ. ಒಂದು ಎಚ್ಚರಿಕೆ: ನಿಮ್ಮ ಪ್ಲಾನಿನಲ್ಲಿ ಅನಿಯಮಿತ ಡೇಟಾ 5ಜಿಗೆ ಮಾತ್ರ ಇದ್ದರೆ, 4ಜಿಗೆ ಇಳಿದ ಕ್ಷಣದಿಂದ ದಿನದ ಕೋಟಾ ಕರಗುತ್ತದೆ.

ಬ್ಯಾಂಡ್ ಲಾಕ್

ಐಫೋನ್‌ನಲ್ಲಿ ಇದಕ್ಕೆ, ಅಂದರೆ ಆರಿಸಿದ ಬ್ಯಾಂಡ್‌ಗಳನ್ನಷ್ಟೇ ಹಿಡಿಯುವಂತೆ ಫೋನನ್ನು ಕಟ್ಟಿಹಾಕುವುದಕ್ಕೆ, ಅವಕಾಶವಿಲ್ಲ. 4ಜಿ, 5ಜಿ ಆಯ್ಕೆಯಷ್ಟೇ. ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಫೋನುಗಳಲ್ಲಿ ಹೆಚ್ಚಾಗಿ ರೂಟ್ (ಫೋನಿನ ಒಳಗಿನ ಬೀಗ ತೆಗೆದು ಪೂರ್ತಿ ಹಿಡಿತ ಪಡೆಯುವುದು) ಬೇಕು. ಬ್ಯಾಂಕ್ ಆಪ್ ಇರುವ ಫೋನಿಗೆ ಆ ಸಾಹಸ ಬೇಡ. ಸ್ಯಾಮ್ಸಂಗ್‌ನ ಕೆಲವು ಮಾದರಿಗಳಲ್ಲಿ ಒಳಗಿನ ಬ್ಯಾಂಡ್ ಮೆನು ತೆರೆಸುವ ಆಪ್ ಕೆಲಸ ಮಾಡುತ್ತದೆ, ಕೆಲವದರಲ್ಲಿ ಇಲ್ಲ. ಸುಲಭ ಇರುವುದು ಮೀಡಿಯಾಟೆಕ್ ಚಿಪ್ಪಿನ ಫೋನುಗಳಲ್ಲಿ:

1. *#*#3646633#*#* ಡಯಲ್ ಮಾಡಿ. ಎಂಜಿನಿಯರ್ ಮೋಡ್ ತೆರೆಯದಿದ್ದರೆ ಕಂಪನಿ ಮುಚ್ಚಿದೆ ಎಂದರ್ಥ, ಅಲ್ಲಿಗೇ ಬಿಡಿ.
2. ಟೆಲಿಫೋನಿ, ಬ್ಯಾಂಡ್‌ಮೋಡ್, ನಿಮ್ಮ ಸಿಮ್.
3. ಈಗಿರುವ ಟಿಕ್‌ಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಇದನ್ನು ಮರೆತವರೇ ಆಮೇಲೆ ಫೋನ್ ರಿಸೆಟ್ ಮಾಡುವುದು.
4. ಎಲ್‌ಟಿಇ (4ಜಿ) ಸಾಲಿನಲ್ಲಿ ಮಾತ್ರ ಬೇಡದ್ದನ್ನು ತೆಗೆಯಿರಿ. 2ಜಿ (ಜಿಎಸ್‌ಎಂ) ಸಾಲು ಮುಟ್ಟಬೇಡಿ.
5. ಸೆಟ್ ಒತ್ತಿ, ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಹಿಡಿದದ್ದು ಅದೇ ಬ್ಯಾಂಡೋ ಎಂದು ಆಪ್‌ನಲ್ಲಿ ನೋಡಿ.

ಅದೇ ಮೆನುವಿನಲ್ಲಿ ಬೇರೆ ಹತ್ತಾರು ಗುಂಡಿಗಳಿವೆ, ಕುತೂಹಲಕ್ಕೂ ಒತ್ತಬೇಡಿ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ತಿದ್ದುವುದಂತೂ ಅಪರಾಧ.

ಒಂದು ಲೆಕ್ಕ ನೋಡಿ. ಜಿಯೋ ಸಿಮ್, ಕೆಳ ಅಂತಸ್ತಿನ ಮಲಗುವ ಕೋಣೆ: ಬಿ40 -117, ಬಿ3 -109 (ಎಸ್‌ಐಎನ್‌ಆರ್ 3), ಬಿ5 -98 (ಎಸ್‌ಐಎನ್‌ಆರ್ 9). ಆಟೋದಲ್ಲಿ ಬಿಟ್ಟರೆ ಫೋನು ಬಿ3, ಬಿ40 ಎಂದು ಆಚೀಚೆ ಹಾರುತ್ತಿರುತ್ತದೆ, ಏಕೆಂದರೆ ಜನರನ್ನು ಅಗಲದ ಬ್ಯಾಂಡಿಗೆ ಕಳಿಸುವಂತೆ ನೆಟ್‌ವರ್ಕ್ ಹೊಂದಿಸಿರುವುದು ಸಾಮಾನ್ಯ. ಇಲ್ಲಿ ಬಿ40 ಒಂದನ್ನೇ ತೆಗೆದು ಬಿ3, ಬಿ5 ಇಟ್ಟುಕೊಳ್ಳುವುದು ಜಾಣತನ. ಒಂದೇ ಬ್ಯಾಂಡಿಗೆ ಕಟ್ಟಿಹಾಕಿದರೆ ಬ್ಯಾಂಡ್‌ಗಳನ್ನು ಜೋಡಿಸಿ ವೇಗ ಕೊಡುವ ಕ್ಯಾರಿಯರ್ ಅಗ್ರಿಗೇಶನ್ ಕೂಡ ನಿಂತುಹೋಗುತ್ತದೆ.

*#*#4636#*#* ಮೆನುವಿನ ‘ಎಲ್‌ಟಿಇ ಓನ್ಲಿ’ ಬೇರೆಯದೇ ವಿಷಯ; ಅದು ಬ್ಯಾಂಡ್ ಅಲ್ಲ, ತಲೆಮಾರು ಆರಿಸುತ್ತದೆ. ವೋಲ್ಟಿ (4ಜಿಯಲ್ಲೇ ಕಾಲ್ ಮಾಡುವ ಸೌಲಭ್ಯ) ಆನ್ ಇಲ್ಲದ ಸಿಮ್‌ಗೆ ಇದನ್ನು ಹಾಕಿದರೆ ಇಂಟರ್ನೆಟ್ ಓಡುತ್ತದೆ, ಕಾಲ್ ಮಾತ್ರ ಬರುವುದಿಲ್ಲ, ಏಕೆಂದರೆ ಕಾಲಿಗಾಗಿ 2ಜಿಗೆ ಇಳಿಯುವ ಬಾಗಿಲು ಮುಚ್ಚಿರುತ್ತದೆ.

ಉಳಿಯಿತೋ ಇಲ್ಲವೋ

ಎರಡು ರಾತ್ರಿ ಪರೀಕ್ಷಿಸಿ. ಹತ್ತು ಗಂಟೆಗೆ 100 ತುಂಬಿಸಿ, ವೈಫೈ ಆಫ್, ಮೊಬೈಲ್ ಡೇಟಾ ಆನ್, ಫೋನು ಅದೇ ಜಾಗದಲ್ಲಿ. ಒಂದು ರಾತ್ರಿ ಆಟೋ, ಇನ್ನೊಂದು ರಾತ್ರಿ ಲಾಕ್. ಬೆಳಿಗ್ಗೆ ಆರಕ್ಕೆ 3ರಿಂದ 5 ಶೇಕಡಾ ಇಳಿದಿದ್ದರೆ ಸರಿ. 10 ದಾಟಿದರೆ ಬ್ಯಾಟರಿ ಯೂಸೇಜ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಎಷ್ಟು ತಿಂದಿದೆ ನೋಡಿ. ಅಲ್ಲಿ ಯಾವುದೋ ಆಪ್ ಮೇಲಿದ್ದರೆ ಬ್ಯಾಂಡ್ ಬದಲಿಸಿ ಫಲವಿಲ್ಲ.

ಜೋರು ಮಳೆಗೆ ರೇಂಜ್ ಹೋದಾಗ ಸೆಟ್ಟಿಂಗ್ ಬದಲಿಸಲು ಕೂರಬೇಡಿ. ಫೋನಿನ ಅಲೆಗಳಿಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದಿರುತ್ತದೆ, ಇಲ್ಲವೆ ಟವರಿನಿಂದ ಟವರಿಗೆ ಹೋಗುವ ಮೈಕ್ರೊವೇವ್ ಕೊಂಡಿ ಮಳೆಗೆ ಕುಂದಿರುತ್ತದೆ.

ತಲಪಾಡಿ ಬದಿಯವರ ಫೋನು ಕೇರಳದ ಟವರಿಗೂ ಇಲ್ಲಿನದಕ್ಕೂ ನಡುವೆ ಜೋಲಿ ಹೊಡೆಯುತ್ತದೆ. ಅವರು ಬ್ಯಾಂಡ್ ಬಿಟ್ಟು ನೆಟ್‌ವರ್ಕ್ ಆಪರೇಟರ್‌ನಲ್ಲಿ ಆಟೋಮ್ಯಾಟಿಕ್ ತೆಗೆದು ಬಲವಾದುದನ್ನು ಕೈಯಾರೆ ಆರಿಸಬೇಕು. ಆಗುಂಬೆ, ಶಿರಾಡಿ, ಚಾರ್ಮಾಡಿ ಹತ್ತುವವರು ಹೊರಡುವ ಮೊದಲೇ ಎಲ್ಲ ಬ್ಯಾಂಡ್ ಟಿಕ್ ಮಾಡಿಕೊಳ್ಳಿ. ಘಾಟಿಯಲ್ಲಿ ನೀವು ಟಿಕ್ ತೆಗೆದ ಬ್ಯಾಂಡ್ ಒಂದೇ ಇದ್ದರೆ ‘ನೋ ಸರ್ವಿಸ್’. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರಕ್ಕೆ ರೈಲಿನಲ್ಲಿ ಹೋಗುವುದಾದರೆ 57 ಸುರಂಗ ಮುಗಿಯುವವರೆಗೆ ಏರ್‌ಪ್ಲೇನ್ ಮೋಡ್.