ಮಲಗಿ ಒಂದು ಬಿಪಿ, ನಿಂತು ಇನ್ನೊಂದು

ಉಡುಪಿ ಸುತ್ತಮುತ್ತ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಸಂತೆಕಟ್ಟೆ ಕಡೆಯ ಒಬ್ಬರು ಅಜ್ಜಿ ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದಿದ್ದರು. "ಮಗಾ, ಏಳುವಾಗ ಕಣ್ಣು ಕತ್ತಲೆ ಬರ್ತದೆ" ಅಂದರು. ಕೂರಿಸಿ ಬಿಪಿ ನೋಡಿದೆ, ಸರಿ ಇತ್ತು. ಮಂಡಿಗೆ ವ್ಯಾಯಾಮ ಹೇಳಿಕೊಟ್ಟು ಬಂದುಬಿಟ್ಟೆ. ಅದು ನನ್ನ ತಪ್ಪು.

ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಕತ್ತಿನ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ, ಗೋಡೆ ಎಷ್ಟು ಹಿಗ್ಗಿದೆ ಎಂದು ಗುರುತಿಸುವ ನರದ ತುದಿಗಳಿವೆ. ಒತ್ತಡ ಇಳಿದ ಸುದ್ದಿ ಅಲ್ಲಿಂದ ಮೆದುಳಿನ ಬುಡಕ್ಕೆ, ಅಂದರೆ ಮೆಡುಲ್ಲಾಗೆ ಮುಟ್ಟುತ್ತದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವೇಗಸ್ ನರದ ಮೂಲಕ ಮೆಡುಲ್ಲಾ ಅದನ್ನು 70ರ ಆಸುಪಾಸಿನಲ್ಲಿ ಹಿಡಿದಿರುತ್ತದೆ. ಎದ್ದಾಗ ಮೊದಲು ಆ ಹಿಡಿತ ಸಡಿಲವಾಗುತ್ತದೆ. ಕೆಲವು ಸೆಕೆಂಡ್ ತಡವಾಗಿ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಬಿಪಿ ಬೀಳದಂತೆ ತಡೆಯುವುದು ಮುಖ್ಯವಾಗಿ ಈ ಬಿಗಿತ.

ಓದಿದ್ದೆ, ಆದರೆ ಮರೆತಿದ್ದೆ. ಆ ರಾತ್ರಿ ಚಾಪೆ ಮೇಲೆ ಮಲಗಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ನಾಡಿ ಎಣಿಸುತ್ತಾ ಎದ್ದು ನಿಂತೆ. 15ನೇ ಬಡಿತದ ಹೊತ್ತಿಗೆ ಓಡುತ್ತಿತ್ತು. 30ರ ಹತ್ತಿರ ಬಂದಾಗ ತಾನಾಗಿ ನಿಧಾನವಾಯಿತು. ಒತ್ತಡ ಸರಿಹೋಗಿ ವೇಗಸ್ ಮತ್ತೆ ಹಿಡಿದ ಕ್ಷಣ ಅದು. ಬೆರಳಿಗೆ ಅಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ!

ಮರುದಿನ ಬೆಳಿಗ್ಗೆ ಅಜ್ಜಿಯನ್ನು ಐದು ನಿಮಿಷ ಮಲಗಿಸಿ ನೋಡಿದೆ: 142/84, ನಾಡಿ 72. ಮಗಳು ಪಕ್ಕದಲ್ಲಿ ಹಿಡಿದುಕೊಂಡರು, ಅಜ್ಜಿ ನಿಂತರು. ಒಂದು ನಿಮಿಷಕ್ಕೆ 114/72. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಸುಮ್ನೆ ಬಿಡಬಾರದು. ನನಗೆ ಜಾಸ್ತಿ ಹೆದರಿಕೆಯಾದದ್ದು ನಾಡಿ ನೋಡಿ. ಬರೀ 75. ಇಷ್ಟು ಬಿಪಿ ಇಳಿದಾಗ ಅದು ಚೆನ್ನಾಗಿ ಏರಬೇಕಿತ್ತಲ್ವಾ? ಅಜ್ಜಿಗೆ ಇಪ್ಪತ್ತು ವರ್ಷದಿಂದ ಶುಗರ್. ಸುದ್ದಿ ಒಯ್ಯುವ ನರಗಳೇ ಸೋತಿದ್ದರೆ ಮೆಡುಲ್ಲಾ ಎಂತ ಮಾಡೀತು?

ಅಂಕಿಗಳನ್ನು ಬರೆದು ಅವರ ಡಾಕ್ಟರಿಗೆ ಕಳಿಸಿದೆ. ಅವರು ಪರೀಕ್ಷೆ ಮಾಡಿ ಒಂದು ಮಾತ್ರೆ ಬದಲಿಸಿದರು. ನಾನು ಕಲಿಸಿದ್ದು ಇಷ್ಟೇ: ಮಲಗಿದಲ್ಲೇ ಪಾದ ಆಡಿಸುವುದು, ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರುವುದು, ಆಮೇಲೆ ಕಿಟಕಿಯ ಸರಳು ಹಿಡಿದು ಏಳುವುದು. ಈಗ ಅಜ್ಜಿ ಬೆಳಗಿನ ಜಾವ ಬಚ್ಚಲಿಗೆ ಹೋಗುವ ಮೊದಲು ಕೂತು ಐವತ್ತು ಎಣಿಸುತ್ತಾರೆ.